ನೀಲಗಿರಿಯ ಶಾಲೆಗೆ ಬಂದ ಭಾಷೆಗಳು



ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ಹತ್ತಿದರೆ ಬಂಡೀಪುರದ ಕಾಡು ದಾಟಿ ಕೆಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಕರ್ನಾಟಕ ಮುಗಿಯುತ್ತದೆ. ಮುಂದೆ ತೆಪ್ಪಕಾಡು. ಅಲ್ಲಿ ಎಡಕ್ಕೆ ತಿರುಗಿದರೆ ಮಸಿನಗುಡಿ. ಮಸಿನಗುಡಿಯಿಂದ ಇನ್ನೊಂದಿಷ್ಟು ದೂರ ಹೋದರೆ ನೀಲಗಿರಿ ಬೆಟ್ಟದ ಬುಡದಲ್ಲಿ ಬೊಕ್ಕಾಪುರಂ. ಇಲ್ಲಿಯ ಮಾರಿಯಮ್ಮನ ಜಾತ್ರೆ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಬರುತ್ತದೆ. ಬೆಟ್ಟದ ಮೇಲಿನಿಂದ ಬಿಳಿ ಬಟ್ಟೆ ಉಟ್ಟ ಬಡಗರು ಇಳಿದು ಬರುತ್ತಾರೆ, ಸುತ್ತಲಿನ ಹಾಡಿಗಳಿಂದ ಇರುಳರು, ಕುರುಂಬರು ಬರುತ್ತಾರೆ, ಗಡಿಯಾಚೆಯಿಂದ ಕನ್ನಡದವರೂ ಬರುತ್ತಾರೆ. ಅಮ್ಮನ ಮುಂದೆ ಎಲ್ಲರ ಹರಕೆಯೂ ಒಂದೇ, ಮಾತು ಮಾತ್ರ ಬೇರೆ ಬೇರೆ.

ನಾನು ಗಡಿಯ ಈಚೆ, ತಮಿಳುನಾಡಿನಲ್ಲಿ, ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ಸರ್ಕಾರಿ ಶಾಲೆಯ ಮೇಷ್ಟ್ರು. ಒಮ್ಮೆ ಈ ಜಾತ್ರೆಗೆ ಹೋದಾಗ ಜೊತೆಗಿದ್ದ ಇನ್ನೊಬ್ಬ ಮೇಷ್ಟ್ರು ತಮಿಳು ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ "ಪೊಕ್ಕಾಪುರಂ" ಎಂದು ಓದಿದರು. ತಮಿಳಿನಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ. ನಾವಿಬ್ಬರೂ ನಕ್ಕೆವು. "ಊರಿನ ಹೆಸರನ್ನೇ ಸರಿಯಾಗಿ ಬರೆಯೋಕೆ ಆಗಲ್ಲ ನೋಡಿ ಇವರ ಲಿಪೀಲಿ" ಎಂದು ನಾನೇ ಅಂದೆ.

ಪಕ್ಕದಲ್ಲಿ ಕೂತಿದ್ದ ಬಡಗ ಹಿರಿಯರೊಬ್ಬರು ನಮ್ಮ ಮಾತು ಕೇಳಿಸಿಕೊಂಡರು. ಮೇಷ್ಟ್ರೆಂದು ತಿಳಿದ ಮೇಲೆ ಕನ್ನಡದಲ್ಲೇ ಮಾತಾಡಿದರು. "ನಮ್ಮಪ್ಪ ಓದಿದ್ದು ಕನ್ನಡ, ಮೇಷ್ಟ್ರೇ. ನಾನು ಓದಿದ್ದು ತಮಿಳು. ಮೊಮ್ಮಗ ಓದ್ತಿರೋದು ಇಂಗ್ಲಿಷು. ಬಡಗ ಮಾತ್ರ ಯಾರೂ ಓದಲಿಲ್ಲ" ಅಂದರು. ದೂರಲಿಲ್ಲ, ನಗುನಗುತ್ತಲೇ ಹೇಳಿದರು.

ಗಡಿನಾಡ ಕನ್ನಡ ಮೇಷ್ಟ್ರುಗಳಾದ ನಮಗೆ ಒಂದು ಅಭ್ಯಾಸ ಇದೆ. ನಾವು ಯಾವಾಗಲೂ ಕಳೆದುಕೊಂಡವರ ಲೆಕ್ಕದಲ್ಲೇ ಮಾತಾಡುತ್ತೇವೆ. ಕನ್ನಡ ಶಾಲೆ ಹೋಯಿತು, ಕನ್ನಡ ಮಕ್ಕಳು ಕಡಿಮೆಯಾದರು, ಪುಸ್ತಕ ತಡವಾಗಿ ಬಂತು... ಇದೆಲ್ಲ ನಿಜವೇ. ಆದರೆ ಆ ಹಿರಿಯರ ಲೆಕ್ಕದಲ್ಲಿ ಕನ್ನಡವೂ ಶಾಲೆಯ ಮೂಲಕ ಹೊರಗಿನಿಂದ ಬಂದ ಒಂದು ಭಾಷೆ! ಮನೆಗೆ ಬಂದ ಮೇಲೆ ನನಗೆ ಗೊತ್ತಿರುವ ನೀಲಗಿರಿಯ ಇತಿಹಾಸವನ್ನೆಲ್ಲ ಈ ಕಡೆಯಿಂದ ಮತ್ತೊಮ್ಮೆ ನೋಡಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಲ್ಲಿನ ಮೇಲೆ

ನೀಲಗಿರಿಯ ಹೆಸರು ಬರವಣಿಗೆಯಲ್ಲಿ ಮೊದಲು ಕಾಣುವುದು ನಮ್ಮ ಚಾಮರಾಜನಗರದಲ್ಲಿ. ಅಲ್ಲಿಯ ಪಾರ್ಶ್ವನಾಥ ಬಸದಿಯಲ್ಲಿ 1117ರ ಶಾಸನ ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನ ಪರಾಕ್ರಮವನ್ನು ಅದು ಹೇಳುತ್ತದೆ. ಅವನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನಂತೆ. ನಾವು ಕನ್ನಡಿಗರು ಇದನ್ನು ಹೆಮ್ಮೆಯಿಂದಲೇ ಓದುತ್ತೇವೆ. ನಾನೂ ಮಕ್ಕಳಿಗೆ ಹಾಗೇ ಹೇಳಿದ್ದೆ. ಆದರೆ ತೋಡರ ಕಡೆಯಿಂದ ನೋಡಿ. ಎಮ್ಮೆ ಸಾಕಿಕೊಂಡು ತಮ್ಮ ಪಾಡಿಗೆ ಬೆಟ್ಟದ ಮೇಲಿದ್ದ ಜನರ ಹೆಸರು ಅಕ್ಷರಕ್ಕೆ ಇಳಿದಿದ್ದೇ ಹೆದರಿದವರು ಎಂದು. ಆ ಅಕ್ಷರ ನಮ್ಮದು.

ಬೆಟ್ಟದ ಮೇಲೆ ತೋಡರು ಮಾತ್ರ ಇರಲಿಲ್ಲ. ಮಡಕೆ ಮಾಡುವ, ಕಬ್ಬಿಣ ಬಡಿಯುವ, ವಾದ್ಯ ನುಡಿಸುವ ಕೋತರಿದ್ದರು. ಜೇನು, ಕಾಡಿನ ಉತ್ಪನ್ನ ತರುವ ಕುರುಂಬರಿದ್ದರು. ಇಳಿಜಾರಿನಲ್ಲಿ, ಬೆಟ್ಟದ ಬುಡದಲ್ಲಿ ಇರುಳರಿದ್ದರು. ಆಮೇಲೆ ಮೈಸೂರು ಸೀಮೆಯ ಕಡೆಯಿಂದ ಬೇಸಾಯಗಾರರು ಬಂದರು. ಅವರೇ ಬಡಗರು. ಬಡಗು ಎಂದರೆ ಉತ್ತರ ದಿಕ್ಕು. ಯಕ್ಷಗಾನದ ಬಡಗುತಿಟ್ಟು ಎನ್ನುತ್ತೇವಲ್ಲ, ಅದೇ ಬಡಗು. ಉತ್ತರದಿಂದ ಬಂದವರು ಬಡಗರು. 1603ರಲ್ಲಿ ಫಿನಿಸಿಯೋ ಎಂಬ ಜೆಸ್ಯುಟ್ ಪಾದ್ರಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿ ಬಂದಾಗ ಬಡಗರು ಆಗಲೇ ಅಲ್ಲಿ ನೆಲೆಸಿದ್ದರು.

ಇವರೆಲ್ಲರ ನಡುವೆ ಕೊಡು–ಕೊಳ್ಳುವ ವ್ಯವಹಾರ ಇತ್ತು. ಬಡಗರ ಧಾನ್ಯ, ತೋಡರ ಹಾಲು ತುಪ್ಪ, ಕೋತರ ಮಡಕೆ ಕತ್ತಿ, ಕುರುಂಬರ ಜೇನು. ಬಡಗರದು ಹಟ್ಟಿ, ತೋಡರದು ಮಂದು, ಕೋತರದು ಕೋಕಾಲು. ಊರಿಗೂ ಒಬ್ಬೊಬ್ಬರಲ್ಲಿ ಒಂದೊಂದು ಹೆಸರು. ಪರಸ್ಪರ ಮಾತಾಡಲು ಹೆಚ್ಚಾಗಿ ಬಡಗ ಭಾಷೆಯೇ ಬಳಕೆಯಾಗುತ್ತಿತ್ತು. ಹಾಗೆಂದು ಯಾರೂ ತಮ್ಮ ಮನೆಮಾತನ್ನು ಬಿಡಲಿಲ್ಲ. ಜಗಳ, ಭಯ, ಮೇಲು ಕೀಳು ಎಲ್ಲ ಇತ್ತು, ಅದನ್ನು ಮರೆಮಾಚುವುದು ಬೇಡ. ಆದರೆ ಪಕ್ಕದವನ ಭಾಷೆ ಬೇರೆ ಎಂಬ ಕಾರಣಕ್ಕೆ ಅವನನ್ನು ದಡ್ಡ ಎಂದು ಬರೆದಿಡುವ ಪುಸ್ತಕ ಅಲ್ಲಿ ಇರಲಿಲ್ಲ. ಆ ಪುಸ್ತಕ ಬಂದದ್ದು ಶಾಲೆಯ ಜೊತೆ.

ಕೇತಿಯ ಕನ್ನಡ ಶಾಲೆ

1799ರಲ್ಲಿ ಟಿಪ್ಪು ಮಡಿದ ಮೇಲೆ ನೀಲಗಿರಿ ಕಂಪನಿಯ ಕೈಸೇರಿತು, ಕೊಯಮತ್ತೂರಿನ ಆಡಳಿತಕ್ಕೆ ಬಂತು. 1819ರಲ್ಲಿ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ. ಅಲ್ಲಿಂದ ಊಟಿಯ ಕಥೆ ಶುರು. ಅದು ಎಲ್ಲರಿಗೂ ಗೊತ್ತು.

ನಮಗೆ ಬೇಕಾದ ಕಥೆ ಊಟಿಯ ಹತ್ತಿರದ ಕೇತಿಯದು. ಕ್ಯಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಅಲ್ಲಿ ನೆಲೆಸಿ ಬಡಗ ಮಕ್ಕಳಿಗೆ ಓದು ಕಲಿಸಲು ಹೊರಟ. ಅದಕ್ಕಾಗಿ ತಾನೇ ಕನ್ನಡ ಕಲಿತ. 1846ರಲ್ಲಿ ಬಾಸೆಲ್ ಮಿಷನ್ನಿನವರು ಕೇತಿಗೆ ಬಂದರು. 1849ರಲ್ಲಿ ಸಾಯುವಾಗ ಕ್ಯಾಸಮೇಜರ್ ತನ್ನ ಆಸ್ತಿಯನ್ನು ಆ ಕೆಲಸಕ್ಕೇ ಬಿಟ್ಟುಹೋದ. ಈ ಬಾಸೆಲ್ ಮಿಷನ್ ನಮಗೆ ಪರಿಚಿತವೇ. 1834ರಲ್ಲಿ ಮಂಗಳೂರಿಗೆ ಬಂದವರು ಇವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ ಇದೇ ಮಿಷನ್ನಿನವರು. ಹಾಗಾಗಿ ನೀಲಗಿರಿಗೆ ಅವರ ಶಾಲೆ ಬರುವಾಗ ಕನ್ನಡವೂ ಜೊತೆಯಲ್ಲಿ ಬಂತು. ಬಡಗ ಕನ್ನಡಕ್ಕೆ ಹತ್ತಿರದ ನುಡಿ, ಕನ್ನಡದಲ್ಲಿ ಅಚ್ಚಾದ ಪುಸ್ತಕಗಳೂ ಕೈಯಲ್ಲಿವೆ, ಇನ್ನೇನು ಬೇಕು ಎಂಬುದು ಅವರ ಲೆಕ್ಕ.

ಅವರ ಉದ್ದೇಶ ಮತಪ್ರಚಾರ. ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಮೇಷ್ಟ್ರ ಕಣ್ಣಿನಿಂದ ನೋಡಿದರೆ ಒಂದು ವಿಷಯ ಗಮನಿಸಬೇಕು. ಅವರಲ್ಲಿ ಮೆಟ್ಸ್ ಎಂಬ ಪಾದ್ರಿ ಹಟ್ಟಿಯಿಂದ ಹಟ್ಟಿಗೆ ನಡೆದು ಜನರ ಜಗಲಿಯಲ್ಲಿ ಕೂತು ಅವರ ಮಾತನ್ನೇ ಕಲಿತ. ಬೆಟ್ಟದ ಜನಾಂಗಗಳ ಬಗ್ಗೆ ಪುಸ್ತಕವನ್ನೂ ಬರೆದ. ಮುಂದೆ 1890ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸು ಬಡಗ ಭಾಷೆಯಲ್ಲೇ ಒಂದು ಪುಸ್ತಕ ಅಚ್ಚು ಹಾಕಿತು. ಲಿಪಿ ಕನ್ನಡದ್ದು. ಲೂಕನ ಸುವಾರ್ತೆಯ ಆ ಪುಸ್ತಕದ ಹೆಸರು 'ಅಂಗ ಕರ್ತಾಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ'. ನಮ್ಮ ಪುಸ್ತಕದ ಕನ್ನಡದಲ್ಲಾದರೆ ಇದು 'ನಮ್ಮ ಕರ್ತನಾಗಿರುವ...' ಎಂದಾಗುತ್ತದೆ. 'ಒಳ್ಳೆಯ ಸುದ್ದಿಯ ಪುಸ್ತಕ' ಎಂಬ ಮಾತು ನಮಗೆ ಪೂರ್ತಿ ಅರ್ಥವಾಗುತ್ತದೆ, 'ಕರ್ತಾಗಿಬ್ಬ' ಎಂಬಲ್ಲಿ ತಡವರಿಸುತ್ತೇವೆ. ಒಂದನೇ ತರಗತಿಗೆ ಬಂದ ಬಡಗ ಮಗು ನಮ್ಮ ಪುಸ್ತಕದ ಎದುರು ಹೀಗೇ ತಡವರಿಸುತ್ತದೆ. ನಮ್ಮ ತಡವರಿಕೆಗೆ ಯಾರೂ ಅಂಕ ಕಳೆಯುವುದಿಲ್ಲ. ಮಗುವಿನ ತಡವರಿಕೆಗೆ ನಾವು ಕಳೆಯುತ್ತೇವೆ.

ಮೂರು 'ಬೆ'

ಇನ್ನು ಲಿಪಿಯ ವಿಷಯ. ತಮಿಳು ಬೋರ್ಡು ನೋಡಿ ನಕ್ಕಿದ್ದೆನಲ್ಲ, ಅದಕ್ಕೆ ಉತ್ತರ ಇಲ್ಲಿದೆ.

1930ರ ದಶಕದಲ್ಲಿ ಎಂ.ಬಿ. ಎಮೆನೋ ಎಂಬ ಭಾಷಾವಿಜ್ಞಾನಿ ನೀಲಗಿರಿಗೆ ಬಂದು ತೋಡ, ಕೋತ, ಬಡಗ ಭಾಷೆಗಳನ್ನು ಕಿವಿಗೊಟ್ಟು ಕೇಳಿದರು. 1939ರಲ್ಲಿ ಬಡಗ ಭಾಷೆಯ ಸ್ವರಗಳ ಬಗ್ಗೆಯೇ ಒಂದು ಲೇಖನ ಪ್ರಕಟಿಸಿದರು. ಅವರು ಕಂಡಂತೆ ಬಡಗದಲ್ಲಿ ಒಂದೇ ಸ್ವರವನ್ನು ಮೂರು ಬಗೆಯಲ್ಲಿ ಹೇಳಬಹುದು. ನಾಲಿಗೆ ನೇರವಾಗಿಟ್ಟು, ಸ್ವಲ್ಪ ಮಡಿಸಿ, ಪೂರ್ತಿ ಮಡಿಸಿ. ಇದಕ್ಕೆ ಕೊಡುವ ಉದಾಹರಣೆ ಕೇಳಿ. ಬಾಯಿ, ಬಳೆ, ಬೆಳೆ ಈ ಮೂರಕ್ಕೂ ಬಡಗದಲ್ಲಿ 'ಬೆ' ಎಂಬಂಥ ಮಾತು. ನಾಲಿಗೆ ಎಷ್ಟು ಮಡಿಸಿದಿರಿ ಎನ್ನುವುದರ ಮೇಲೆ ಬಾಯಿಯೋ, ಬಳೆಯೋ, ಬೆಳೆಯೋ ಎಂದು ಗೊತ್ತಾಗುತ್ತದೆ. ನಮ್ಮ 'ಳ'ಕಾರ ಅಲ್ಲಿ ಸ್ವರದೊಳಗೇ ಕರಗಿಹೋಗಿದೆ.

ಕನ್ನಡ ಲಿಪಿಯಲ್ಲಿ ಈ ಮೂರನ್ನೂ ಹೇಗೆ ಬರೆಯುತ್ತೀರಿ? ಮೂರೂ 'ಬೆ'! ಹೇಳಿದ ಹಾಗೆ ಬರೆಯುವ, ಬರೆದ ಹಾಗೆ ಓದುವ ಭಾಷೆ ನಮ್ಮದು ಎಂದು ಪ್ರತಿ ವರ್ಷ ಮಕ್ಕಳ ಮುಂದೆ ಹೇಳುತ್ತೇನೆ. ತಮಿಳಿಗೆ ಬೊಕ್ಕಾಪುರದ 'ಬ' ಕಾಣದಿದ್ದರೆ ನಮಗೆ ಬಡಗರ ಬಳೆ, ಬೆಳೆ ಕಾಣುವುದಿಲ್ಲ. ಯಾವ ಲಿಪಿಯೂ ತನ್ನ ಮನೆಯ ಸದ್ದಿಗೆ ಹೊಲಿದ ಅಂಗಿ. ಇನ್ನೊಬ್ಬರ ಮಗುವಿಗೆ ತೊಡಿಸಿ, ಬಿಗಿಯಾದರೆ ಮಗುವಿನ ಮೈಯೇ ಸರಿಯಿಲ್ಲ ಎಂದರೆ ಹೇಗೆ?

ಇನ್ನೊಂದು ಲೆಕ್ಕವನ್ನೂ ಹೇಳುತ್ತೇನೆ. 2011ರ ಜನಗಣತಿಯಲ್ಲಿ ಬಡಗ ನಮ್ಮ ಮಾತೃಭಾಷೆ ಎಂದವರು 1,33,550 ಜನ. ಆ ಸಂಖ್ಯೆಯನ್ನು ಕನ್ನಡದ ಅಡಿಯಲ್ಲೇ ಸೇರಿಸಿದ್ದಾರೆ. ಕನ್ನಡಿಗರ ಒಟ್ಟು ಲೆಕ್ಕ 4,37,06,512 ಆಗುವುದು ಇವರನ್ನೂ ಕೂಡಿಸಿಕೊಂಡು. ಎಣಿಸುವಾಗ ನಮ್ಮವರು, ಪಾಠ ಮಾಡುವಾಗ ಮಾತ್ರ "ಇವರ ಕನ್ನಡ ಅಶುದ್ಧ"!

1956ರ ನಂತರ

1868ರಲ್ಲಿ ನೀಲಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 1877ರಲ್ಲಿ ಮಲಬಾರಿನಿಂದ ಗೂಡಲೂರು ಕಡೆಯ ವಯನಾಡಿನ ಭಾಗ ಬಂದು ಸೇರಿತು. ಕಾಫಿ, ಟೀ ತೋಟಗಳಿಗೆ ಎಲ್ಲೆಲ್ಲಿಂದಲೋ ಜನ ಬಂದರು. 1932ರಲ್ಲಿ ಪೈಕಾರ ವಿದ್ಯುತ್ ಯೋಜನೆ ಶುರುವಾಗಿ ಮಸಿನಗುಡಿ ಹತ್ತಿರದ ಸಿಂಗಾರದಲ್ಲಿ ಕರೆಂಟು ಉತ್ಪಾದನೆ ಆದಾಗ ಕೆಳಗಿನ ಕಾಡಿಗೂ ಕೂಲಿಗಾರರು ಬಂದರು. 1964ರಲ್ಲಿ ಶಾಸ್ತ್ರಿ–ಸಿರಿಮಾವೊ ಒಪ್ಪಂದವಾದ ಮೇಲೆ ಶ್ರೀಲಂಕಾದಿಂದ ವಾಪಸಾದ ತಮಿಳರು ಗೂಡಲೂರು, ಕೋತಗಿರಿ ಕಡೆಯ ಸರ್ಕಾರಿ ಟೀ ತೋಟಗಳಿಗೆ ಬಂದರು. ಇಂಥ ಜಿಲ್ಲೆಯ ಒಂದು ಹಾಜರಿ ಪುಸ್ತಕ ತೆರೆದರೆ ಏನೆಲ್ಲ ಹೆಸರು ಇರಬಹುದು, ನೀವೇ ಯೋಚಿಸಿ.

ಈ ನಡುವೆ 1956ರ ನವೆಂಬರ್ 1 ಬಂತು. ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ನೀಲಗಿರಿ ಮದ್ರಾಸಿನಲ್ಲೇ ಉಳಿಯಿತು. ಹೀಗೆ ಭಾಷೆಯ ಹೆಸರಿನಲ್ಲಿ ರಾಜ್ಯಗಳಾದಾಗ ಎಲ್ಲ ಗಡಿಯಲ್ಲೂ ಒಂದಿಷ್ಟು ಮಕ್ಕಳು 'ಆಚೆ' ಉಳಿದರು. ಅವರಿಗಾಗಿಯೇ ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಬೇಕು ಎನ್ನುತ್ತದೆ ಅದು. ಇದಕ್ಕೂ ಮೊದಲೇ, 1949ರಲ್ಲಿ, ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಹಾಕಿತ್ತು. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಅವರ ಭಾಷೆಯಲ್ಲಿ ಕಲಿಸಲು ಒಬ್ಬ ಮೇಷ್ಟ್ರಾದರೂ ಬೇಕು ಎಂದು. ನನ್ನಂಥವರ ಕೆಲಸ ನಿಂತಿರುವುದು ಇಂಥ ಭರವಸೆಗಳ ಮೇಲೆ.

2006ರಲ್ಲಿ ತಮಿಳುನಾಡು ತಮಿಳು ಕಲಿಕೆ ಕಾಯ್ದೆ ತಂದಿತು. 2006–07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿ ಮೇಲೇರಿ 2015–16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋಗಿ ವಿನಾಯಿತಿ ಪಡೆಯಬೇಕಾಯಿತು. ನಾವು ಬಹಳ ನೊಂದುಕೊಂಡೆವು. ಆದರೆ 2015ರಲ್ಲಿ ಕರ್ನಾಟಕವೂ ಕನ್ನಡ ಭಾಷಾ ಕಲಿಕೆ ಕಾಯ್ದೆ ಮಾಡಿದಾಗ ನಾವೇ ಚಪ್ಪಾಳೆ ತಟ್ಟಿದೆವು. 2017ರಲ್ಲಿ ಕೇರಳ ಮಲಯಾಳಂ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರ ಜೊತೆ ಮತ್ತೆ ನೊಂದುಕೊಂಡೆವು. ರಾಜ್ಯದ ಭಾಷೆ ಕಲಿಯಬಾರದು ಎಂದು ನಾನು ಹೇಳುತ್ತಿಲ್ಲ. ತಮಿಳು ಬಾರದ ನಮ್ಮ ಮಗು ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕೆಲಸ ಕೇಳುವಲ್ಲಿ ಸೋಲುತ್ತದೆ. ತಮಿಳನ್ನು ಚೆನ್ನಾಗಿ ಕಲಿಸಲೇಬೇಕು. ಆದರೆ ಗಡಿ ಬದಲಾದ ಕೂಡಲೇ ನಮ್ಮ ನ್ಯಾಯವೂ ಬದಲಾದರೆ ಅದು ನ್ಯಾಯ ಹೇಗಾದೀತು?

ಇನ್ನು ಆ 40 ಮತ್ತು 10ರ ಲೆಕ್ಕ. ಒಂದು ಸಣ್ಣ ಹಾಡಿಯಿಂದ ಬರುವ ಇರುಳ ಮಕ್ಕಳು ಇಬ್ಬರೋ ಮೂವರೋ. ಅವರಿಗೆ ಆ ನಿಯಮ ಯಾವತ್ತೂ ಮುಟ್ಟುವುದಿಲ್ಲ. ಅವರಿಗೆ ಶಾಲೆಯಲ್ಲಿ ಸಿಗುವುದು ತಮಿಳು ಮೇಷ್ಟ್ರು ಅಥವಾ ನನ್ನಂಥ ಕನ್ನಡ ಮೇಷ್ಟ್ರು.

ನಾನು ಬರೆದ ಎರಡು ಪದ

ಇದನ್ನು ಬರೆಯಲು ಸ್ವಲ್ಪ ಸಂಕೋಚ. ಆದರೂ ಬರೆಯುತ್ತೇನೆ.

ಬಹಳ ವರ್ಷದ ಹಿಂದೆ ಒಂದನೇ ತರಗತಿಗೆ ಒಬ್ಬ ಇರುಳ ಹುಡುಗ ಬಂದಿದ್ದ. ಅಪ್ಪ ಅಮ್ಮ ಕೂಲಿಗೆಂದು ಬಂದವರು. ಚಿತ್ರ ತೋರಿಸಿ ಹೆಸರು ಕೇಳಿದಾಗ ಅವನು ಮನೆಯಲ್ಲಿ ಹೇಳುವ ಹೆಸರನ್ನೇ ಹೇಳಿದ. ನಾನು "ಹಾಗಲ್ಲ, ಸರಿಯಾಗಿ ಹೇಳು" ಎಂದೆ. ಎರಡನೇ ಸಲವೂ ಅದನ್ನೇ ಹೇಳಿದ. ಮೂರನೇ ಸಲ ನಾನು ದನಿ ಏರಿಸಿದೆ. ಉಳಿದ ಮಕ್ಕಳು ನಕ್ಕರು. ಅಂದಿನಿಂದ ಅವನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ವರ್ಷದ ಕೊನೆಗೆ ನಾನು ಅವನ ಹೆಸರಿನ ಮುಂದೆ "ಮಂದ ಕಲಿಕೆ" ಎಂದು ಬರೆದೆ.

ಮನೆ ಮನೆ ಸಮೀಕ್ಷೆಗೆಂದು ಹೋದಾಗ ಅವನನ್ನು ಗುಡಿಸಲಿನ ಮುಂದೆ ಕಂಡೆ. ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮರದ ಮೇಲಿನ ಒಂದೊಂದು ಹಕ್ಕಿಯನ್ನೂ ತೋರಿಸಿ ಹೆಸರು ಹೇಳಿಕೊಡುತ್ತಿದ್ದ. ಅವನು ಹೇಳಿದ ಹಕ್ಕಿಗಳಲ್ಲಿ ಅರ್ಧಕ್ಕರ್ಧ ನನಗೆ ಯಾವ ಭಾಷೆಯಲ್ಲೂ ಗೊತ್ತಿರಲಿಲ್ಲ. ನನ್ನನ್ನು ಕಂಡ ಕೂಡಲೇ ಸುಮ್ಮನಾದ. ಐದನೇ ತರಗತಿಯ ನಂತರ ಅವನು ಶಾಲೆಗೆ ಬರಲಿಲ್ಲ.

ಪುಣಿಸಮಯ್ಯನ ಶಾಸನ ಓದಿದಾಗಲೆಲ್ಲ ಈಗ ನನಗೆ ಆ ಹುಡುಗನ ನೆನಪಾಗುತ್ತದೆ. 'ಬೆದರಿಸಿ' ಎಂಬ ಮಾತು ಕಲ್ಲಿನಲ್ಲಿ ಮಾತ್ರ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ ಎರಡು ಮಾತು ಅಕ್ಕಪಕ್ಕದಲ್ಲೇ ಇವೆ. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕು, ಮಗುವನ್ನು ಭಯದಿಂದ ಮುಕ್ತಗೊಳಿಸಬೇಕು. ಎರಡೂ ಒಂದೇ ಮಾತು ಎಂದು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು. 'ಸಾಧ್ಯವಾದ ಮಟ್ಟಿಗೆ' ಎಂಬುದನ್ನು ನಾವು ತಪ್ಪಿಸಿಕೊಳ್ಳುವ ಕಿಂಡಿ ಮಾಡಿಕೊಂಡಿದ್ದೇವೆ. ನಿಜ ನೋಡಿದರೆ ಅಷ್ಟು ಮಟ್ಟ ಪೂರ್ತಿ ಮೇಷ್ಟ್ರ ಕೈಯಲ್ಲೇ ಇದೆ.

ಮೇಷ್ಟ್ರುಗಳು ಮಾಡಿದ ದಾರಿ

ಆಗುವುದಿಲ್ಲ ಎನ್ನುವವರಿಗೆ ಹತ್ತಿರದ ಎರಡು ಉದಾಹರಣೆ ಕೊಡುತ್ತೇನೆ.

1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ–ಕಲಿ ಶುರುವಾಯಿತು. ಜೇನುಕುರುಬ, ಬೆಟ್ಟಕುರುಬ ಹಾಡಿಗಳಿರುವ ತಾಲೂಕು ಅದು. ಆಂಧ್ರದ ರಿಷಿ ವ್ಯಾಲಿಯ ಕಾರ್ಡು ಪದ್ಧತಿಯನ್ನು ಅಲ್ಲಿಯ ಸರ್ಕಾರಿ ಶಾಲೆಯ ಮೇಷ್ಟ್ರುಗಳು ನೋಡಿ ಬಂದು ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗೆ ತಕ್ಕ ಹಾಗೆ ಮಾಡಿಕೊಂಡರು. ಜೇನಿನ ಕಾಲದಲ್ಲಿ ನಾಲ್ಕು ದಿನ ಬಾರದ ಮಗು ವಾಪಸ್ ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ತಪ್ಪಿಸಿಕೊಂಡ ಎಂಬ ಬೈಗುಳ ಇಲ್ಲ. 2003ರಲ್ಲಿ ಇದೇ ರಿಷಿ ವ್ಯಾಲಿಯ ಬೇರಿನಿಂದ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಚಟುವಟಿಕೆ ಕಲಿಕೆ ಬಂತು, 2007–08ರಲ್ಲಿ ತಮಿಳುನಾಡಿಗೆಲ್ಲ ಹರಡಿತು. ತೆಲುಗು ನೆಲದ ಕಾರ್ಡು ಕನ್ನಡ, ತಮಿಳು ಎರಡೂ ಕಡೆ ಬೆಳೆಯಿತು. ಒಳ್ಳೆಯ ಪಾಠಕ್ಕೆ ಚೆಕ್‌ಪೋಸ್ಟ್ ಇಲ್ಲ.

ಇನ್ನೊಂದು ಗೂಡಲೂರಿನ ವಿದ್ಯೋದಯ ಶಾಲೆ. 1990ರ ದಶಕದಲ್ಲಿ ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟುನಾಯಕ ಮಕ್ಕಳಿಗಾಗಿ ಬಾಗಿಲು ತೆರೆದ ಈ ಶಾಲೆ ಆ ಸಮುದಾಯಗಳ ಯುವಕ ಯುವತಿಯರನ್ನೇ ಶಿಕ್ಷಕರನ್ನಾಗಿ ತಯಾರು ಮಾಡಿತು. ಮಗು ಹೇಳಿದ್ದನ್ನು ಕೇಳಿ ಅರ್ಥ ಮಾಡಿಕೊಳ್ಳುವವರು ತರಗತಿಯಲ್ಲಿ ಒಬ್ಬರಾದರೂ ಇದ್ದರು. ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡದು.

ಟಿ.ಸಿ.ಎಚ್. ಓದುವಾಗ ಶಿಕ್ಷಕರ ಮೌಲ್ಯಗಳು ಎಂಬ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬಾಯಿಪಾಠ ಮಾಡಿದ್ದೆ. ಸಮಾನತೆ, ಸಹನೆ, ಪ್ರೀತಿ... ಈಗ ಕೇಳಿದರೆ ನನ್ನ ಉತ್ತರ ಚಿಕ್ಕದು. ಮಗು ಹೇಳಿದ ಮೊದಲ ಮಾತನ್ನು ತಪ್ಪು ಎನ್ನಬಾರದು. "ನಿಮ್ಮ ಮನೇಲಿ ಇದಕ್ಕೆ ಹಾಗಂತೀರಾ? ಇಲ್ಲಿ ಹೀಗಂತೀವಿ. ಎರಡೂ ಬರೆಯೋಣ" ಎನ್ನಬೇಕು. ಆಮೇಲೆ ಕನ್ನಡವನ್ನೂ ತಮಿಳನ್ನೂ ಎಷ್ಟು ಬೇಕಾದರೂ ಕಲಿಸಬಹುದು. ನನ್ನ ಭಾಷೆಗೆ ಏನನ್ನು ಕೇಳುತ್ತೇನೋ ಅದನ್ನು ನನ್ನ ಮುಂದೆ ಕೂತ ಮಗುವಿನ ಭಾಷೆಗೂ ಕೊಡಬೇಕು. ಕೊಡದಿದ್ದರೆ ನಾನು ಕನ್ನಡಕ್ಕಾಗಿ ಕೇಳುವ ಹಕ್ಕು ಕಳೆದುಕೊಳ್ಳುತ್ತೇನೆ.

ಈಗ ನಮ್ಮ ಒಂದನೇ ತರಗತಿಯ ಗೋಡೆಯ ಮೇಲೆ ಒಂದು ಚಾರ್ಟು ಇದೆ. ಹಕ್ಕಿ, ಪ್ರಾಣಿ, ಗಿಡಗಳ ಚಿತ್ರ. ಪ್ರತಿ ಚಿತ್ರದ ಕೆಳಗೆ ಕನ್ನಡ, ತಮಿಳು ಹೆಸರು, ಆಮೇಲೆ ಮಕ್ಕಳು ತಮ್ಮ ಮನೆಯಿಂದ ತಂದ ಹೆಸರು. ಕೆಲವು ಸದ್ದು ನಮ್ಮ ಅಕ್ಷರಕ್ಕೆ ಹೊಂದುವುದಿಲ್ಲ. ಅಂಥ ಕಡೆ ಒಂದು ಚುಕ್ಕೆ ಇಟ್ಟಿದ್ದೇವೆ. ಚುಕ್ಕೆ ಬಂದಾಗ ಆ ಮಗು ಎದ್ದು ನಿಂತು ಹೇಳಬೇಕು, ಉಳಿದವರು, ನಾನೂ ಸೇರಿ, ಹೇಳಿಕೊಳ್ಳಬೇಕು. ನನಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಮಕ್ಕಳು ನಗುತ್ತಾರೆ, ನಗಲಿ.

ನಿಮ್ಮ ಶಾಲೆಯಲ್ಲಿ ಎಷ್ಟು ಮನೆಮಾತಿನ ಮಕ್ಕಳಿದ್ದಾರೆ? ನೀವೇನು ಮಾಡುತ್ತಿದ್ದೀರಿ? ಬರೆಯಿರಿ. ಚಾರ್ಟಿನಲ್ಲಿ ಇನ್ನೂ ಜಾಗ ಇದೆ.